ಸ್ಕೂಟರ್ ಹಿಡಿದ ಜೇನು

ಸಂಜೆ ತರಗತಿಯಲ್ಲಿ ಜೇನು ಸಾಕಣೆ ಕಲಿತ ಧೈರ್ಯದಲ್ಲಿ ಅಕ್ಕನ ಕುಂಬಳದ ಹೊಲದಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದೆ. ಧೈರ್ಯ ಎಂದೆನೇ? ಅಷ್ಟೇನೂ ಇರಲಿಲ್ಲ. ಹೋದ ವರ್ಷ ಹೂವು ರಾಶಿ ಬಿಟ್ಟರೂ ಕಾಯಿ ಕಚ್ಚಿದ್ದು ಕಡಿಮೆ. ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಒಂದೊಂದಾಗಿ ಮುಟ್ಟಿಸಿ ಅಕ್ಕನ ಸೊಂಟ ಹಿಡಿದುಕೊಂಡಿತ್ತು. ಆ ಕೆಲಸ ಜೇನು ಮಾಡುತ್ತದೆಂದು ಭಾವನಿಗೆ ಮಾತು ಕೊಟ್ಟಿದ್ದೆ.

"ಈ ಸಲ ಕಾಯಿ ಹೆಚ್ಚಾಗ್ಲಿಲ್ಲ ಅಂದ್ರೆ ಪೆಟ್ಟಿಗೆ ಎತ್ಕೊಂಡು ಹೋಗ್ಬೇಕು, ಟೀಚರಮ್ಮ," ಎಂದು ಛೇಡಿಸಿದ್ದರು ಭಾವ.

ಬಿಸಿಲು ಏರಿತು. 'ಪೆಟ್ಟಿಗೆಗೆ ನೆರಳು ಬೇಕು' ಎಂದು ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಎಳೆದು ಬರೆದುಕೊಂಡಿದ್ದೆ. ಒಂದು ದಿನ ನಸುಕಿನಲ್ಲೇ ಪೆಟ್ಟಿಗೆಯನ್ನು ಇಪ್ಪತ್ತು ಹೆಜ್ಜೆ ಆಚೆ, ಮರದ ಕೆಳಗೆ ಸಾಗಿಸಿದೆ. ಖಾಲಿಯಾದ ಜಾಗದಲ್ಲಿ ಭಾವ ಸ್ಕೂಟರ್ ನಿಲ್ಲಿಸಿದರು.

ಎಂಟು ಗಂಟೆಗೆ ಅವರ ಕೂಗು ಕೇಳಿಸಿತು. ಮೇಯಲು ಹೋದ ಜೇನೆಲ್ಲ ಹಳೆಯ ವಿಳಾಸಕ್ಕೇ ಮರಳಿತ್ತು. ಸೀಟು, ಹ್ಯಾಂಡಲ್, ಕನ್ನಡಿ, ಎಲ್ಲೆಲ್ಲೂ ಜೇನು. ನೋಟ್‌ಬುಕ್ ಪುಟ ತಿರುಗಿಸಿದೆ: 'ಮೂರಡಿಗಿಂತ ಹೆಚ್ಚು ಸರಿಸಬಾರದು.'

"ಔಷಧಿ ಅಂಗಡಿಗೆ ಹೋಗ್ಬೇಕು ಕಣೇ! ಎಲೆಗೆಲ್ಲ ಹುಳ ಬಿದ್ದಿದೆ, ಇವತ್ತೇ ಹೊಡೀಬೇಕು!" ಎಂದರು ಭಾವ.

ಹೂವು ಅರಳಿರುವಾಗ ಔಷಧಿ ಹೊಡೆದರೆ ಜೇನು ಉಳಿಯುವುದಿಲ್ಲ.

"ನಡ್ಕೊಂಡು ಹೋಗಿ," ಎಂದಳು ಅಕ್ಕ, ಬಾಗಿಲಲ್ಲೇ ನಿಂತು.

"ಐದು ಮೈಲಿನಾ? ನಿನ್ನ ತಂಗಿ ಜೇನಿಗೆ ನನ್ನ ಸ್ಕೂಟರೇ ಬೇಕಿತ್ತಾ?"

"ಅವಾದ್ರೂ ಕೂತ್ಕೊಂಡ್ವಲ್ಲ. ನನ್ನನ್ನ ಒಂದಿನ ಕೂರಿಸ್ಕೊಂಡು ಹೋಗಿದ್ದೀರಾ?"

ನಾನು ನಡುವೆ ಬಾಯಿ ಹಾಕಿದೆ: "ಎಲೆ ಹುಳ ನಾನು ಕೈಯಲ್ಲೇ ಆರಿಸ್ತೀನಿ ಭಾವ. ಮೂರು ದಿನ ಕೊಡಿ."

"ಆಮೇಲೆ ಒಂದು ಹುಳ ಕಂಡ್ರೂ ಔಷಧಿನೇ."

ಸಂಜೆ ಪೆಟ್ಟಿಗೆಯನ್ನು ಸ್ಕೂಟರಿನ ಪಕ್ಕಕ್ಕೇ ತಂದಿಟ್ಟೆ. ಕತ್ತಲಾಗುವಷ್ಟರಲ್ಲಿ ಜೇನೆಲ್ಲ ಒಳಗೆ ಸೇರಿತು. ನೆರಳಿಗೆ ಭಾವನ ಛತ್ರಿ ಕಟ್ಟಿದೆ, ಕೇಳದೆ. ಮೂರು ದಿನ ಎಲೆ ಮಗುಚಿ ಮಗುಚಿ ಹುಳ ಆರಿಸಿದೆ. ನಾಲ್ಕನೆಯ ದಿನ ಭಾವ ಕನ್ನಡಕ ಹಾಕಿಕೊಂಡು ಹುಡುಕಿದರೂ ಒಂದೂ ಸಿಗಲಿಲ್ಲ.

ಹೋದ ವರ್ಷದ ಬೆಳೆ ಸ್ಕೂಟರಿನಲ್ಲೇ ಮಾರುಕಟ್ಟೆಗೆ ಸಾಗಿತ್ತು. ಈ ಸಲ ಬಾಡಿಗೆ ಟೆಂಪೋ ತುಂಬಿತು. ಸೊಟ್ಟ ಕಾಯಿ ಇಲ್ಲದ್ದರಿಂದ ವ್ಯಾಪಾರಿ ಒಳ್ಳೆಯ ಬೆಲೆಗೇ ಒಪ್ಪಿದ್ದ. ಎಲ್ಲ ಜೇನಿನಿಂದಲೇ ಎನ್ನಲು ನನಗೆ ಈಗಲೂ ಅಳುಕು. ಮಳೆಯೂ ಹದವಾಗಿ ಬಂದಿತ್ತು.

ಭಾವ ನನ್ನತ್ತ ನೋಡದೆ ಅಕ್ಕನಿಗೆ ಹೇಳಿದರು: "ನಿನ್ನ ತಂಗಿಗೆ ಇನ್ನೆರಡು ಪೆಟ್ಟಿಗೆ ತರೋಕೆ ಹೇಳು. ಜಾಗ ನಾನೇ ತೋರಿಸ್ತೀನಿ. ಛತ್ರಿನೂ ಅವಳೇ ತರಲಿ."

ಅಕ್ಕ ಆಗಲೇ ಟೆಂಪೋದಲ್ಲಿ ಡ್ರೈವರ್ ಪಕ್ಕದ ಸೀಟು ಹಿಡಿದಿದ್ದಳು.

"ಆಯ್ತು, ಹೇಳ್ತೀನಿ. ನೀವು ಸ್ಕೂಟರಲ್ಲಿ ಬನ್ನಿ."