ಪಾದದಿಂದ ಮೇಲಕ್ಕೆ

"ನಿನ್ನ ಮೂಳೆ ನನ್ನ ಕೈಗೆ ಬಂದ ದಿನ, ಏನು ಕಂಡರೂ ಬಾಯಿ ಬಿಡುವುದಿಲ್ಲ" ಎಂದು ಕಸ್ತೂರಿರಂಗ ಒಂದು ಕಾಲದಲ್ಲಿ ಅಮ್ಮನಿಗೆ ಮಾತು ಕೊಟ್ಟಿದ್ದ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಆ ದಿನ ಬಂದಾಗ ಅವನು ಮದ್ದೂರಿನ ಶಿಂಷಾ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಹಿಂದಿನ ದಿನದ ಚಿತೆಯ ಬೂದಿಗೆ ಹಾಲು ಚಿಮುಕಿಸುತ್ತಿದ್ದ. ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು.

"ಪಾದದಿಂದ ಶುರುಮಾಡಿ ತಲೆವರೆಗೆ ಬನ್ನಿ," ಎಂದರು ಪುರೋಹಿತರು. "ಯಾವುದು ಏನು ಅಂತ ಗೊತ್ತಾಗಲ್ಲ. ಅಂದಾಜಲ್ಲಿ ಆರಿಸಿ, ಸಾಕು."

"ನಮ್ಮಣ್ಣನಿಗಾ ಗೊತ್ತಾಗದೇ ಇರೋದು?" ಎಂದ ತಮ್ಮ ಪಾರ್ಥಸಾರಥಿ. "ಪೊಲೀಸಿನವರು ಮೂಟೆ ಕಟ್ಟಿಕೊಂಡು ಇವನ ಹತ್ರ ಬರ್ತಾರೆ. ಗಂಡೋ ಹೆಣ್ಣೋ, ಹೇಗೆ ಸತ್ರು, ಎಲ್ಲಾ ಹೇಳ್ತಾನೆ. ಸಂಬಳ ಬರೋದೇ ಅದಕ್ಕೆ."

ಗದ್ದೆ ನೋಡಿಕೊಳ್ಳುವ ಜವರಯ್ಯ ಕೊಳ್ಳಿ ಸರಿಸುತ್ತಾ, "ಅಂಗಾರೆ ಬಿರ್ರನೆ ಮುಗೀತದೆ ಬುಡಿ ಸ್ವಾಮಿ. ಬಿಸ್ಲು ಏರೋದ್ರೊಳ್ಗೆ ಮನೆ ಸೇರ್ಕಬೋದು" ಎಂದ.

ಮುಗಿಯಲಿಲ್ಲ. ಅಂದಾಜಿನಲ್ಲಿ ಆರಿಸುವುದು ಅವನ ಕೈಗೆ ಬರುತ್ತಿರಲಿಲ್ಲ. ಹಿಮ್ಮಡಿ, ಮೊಣಕಾಲ ಚಿಪ್ಪು, ಸೊಂಟ, ಒಂದೊಂದನ್ನೇ ಹುಡುಕಿ ಮಡಕೆಗೆ ಹಾಕಿದ. ಎಡ ಮುಂಗೈಯ ಮೂಳೆ ತುಂಡೊಂದು ಸಿಕ್ಕಿತು. ಬೂದಿ ಊದಿದ. ನಡುವೆ ಗಂಟು. ಮುರಿದು ಕೂಡಿಕೊಂಡದ್ದು.

ತಮ್ಮ ಬಗ್ಗಿ ನೋಡಿದ. "ಇದು ಅಮ್ಮ ಬಾವಿಕಟ್ಟೆ ಹತ್ರ ಜಾರಿ ಬಿದ್ದಾಗಿನದು ಅಲ್ವಾ ಅಣ್ಣಾ?"

*

ಕೆಲಸ ಸಿಕ್ಕ ಹೊಸದರಲ್ಲಿ ಊರಿಗೆ ಬಂದಾಗ ಗೋದಮ್ಮ ಮಗನನ್ನು ಹಿತ್ತಲಲ್ಲೇ ನಿಲ್ಲಿಸಿ ತಲೆಗೆ ನೀರು ಹೊಯ್ದರು.

"ಹೋಗಿ ಹೋಗಿ ಹೆಣದ ಮೂಳೆ ಎಣಿಸೋ ಕೆಲಸವೇನೋ ನಿನಗೆ? ಯಾರು ಹೆಣ್ಣು ಕೊಡ್ತಾರೆ?"

"ಕೊಡದಿದ್ರೆ ನಿನ್ನ ಕೈಯಡುಗೆ ತಿಂದ್ಕೊಂಡಿರ್ತೀನಿ."

ಇನ್ನೊಂದು ಚೊಂಬು ಬಿತ್ತು. "ಏಟು ತಿಂದಿದ್ದೂ ಗೊತ್ತಾಗುತ್ತಾ, ಮೂಳೆ ನೋಡಿದ್ರೆ?"

"ಮುರಿದಿದ್ರೆ ಗೊತ್ತಾಗುತ್ತೆ. ಬಿದ್ದೋರು ಅಂಗೈ ಊರ್ತಾರೆ, ಸಾಮಾನ್ಯವಾಗಿ ಮಣಿಕಟ್ಟು ಮುರಿಯುತ್ತೆ. ಮುಖಕ್ಕೆ ಬರೋ ಏಟಿಗೆ ಕೈ ಅಡ್ಡ ಹಿಡಿದ್ರೆ ಮುಂಗೈ ನಡುವೆ."

"ವಾಸಿಯಾಗಿ ಎಷ್ಟೋ ವರ್ಷ ಆಗಿದ್ರೆ?"

"ಆದ್ರೂ."

ಚೊಂಬು ನಿಂತಿತು. ಒಳಗೆ ಅಪ್ಪ, ಊರಿಗೆಲ್ಲ ಬೇಕಾದ ಅನಂತರಾಮು ಮೇಷ್ಟ್ರು, ಹುಡುಗರಿಗೆ ಪಾಠ ಹೇಳುತ್ತಿದ್ದರು. ಅಮ್ಮ ಸೆರಗನ್ನು ಎಡಗೈ ಮೇಲೆ ಎಳೆದುಕೊಂಡರು.

"ಹಾಗಾದ್ರೆ ನನಗೊಂದು ಮಾತು ಕೊಡು."

ಅವನ ಕಣ್ಣಿಗೆ ಸೀಗೆಪುಡಿ ಹೋಗಿತ್ತು. ನಗುತ್ತಲೇ ಕೊಟ್ಟ.

*

ಗುರುತಿಲ್ಲದ ಎಷ್ಟೋ ಹೆಂಗಸರ ಪರವಾಗಿ ಕೋರ್ಟಿನಲ್ಲಿ ನಿಂತು ಅವನು ಇಂಥದೇ ಗಂಟು ತೋರಿಸಿ ಮಾತಾಡಿದ್ದ. ಈಗ ತಮ್ಮ ಕಾಯುತ್ತಿದ್ದ.

"ಔದು, ಅದೇಯಾ," ಎಂದ ಜವರಯ್ಯನೇ. "ನಾನೇ ಗಾಡಿ ಕಟ್ಕಂಡು ಮಂಡ್ಯಕ್ಕೆ ಓಗಿದ್ದು. ಅಮ್ಮಾರು ಒಂದು ಸೊಲ್ಲೂ ಎತ್ನಿಲ್ಲ. ದಾರಿ ಉದ್ದಕ್ಕೂ ಮೇಷ್ಟ್ರೇ ಅತ್ತಿದ್ದು."

ಕಸ್ತೂರಿರಂಗ ಮೂಳೆಯನ್ನು ಮಡಕೆಗೆ ಹಾಕಿ, ತೋಳಿನದನ್ನು ಹುಡುಕತೊಡಗಿದ.

ಮಡಕೆ ಮನೆಯೊಳಗೆ ಬರುವಂತಿಲ್ಲ. ಬಾಗಿಲೆದುರಿನ ಹೊಂಗೆ ಕೊಂಬೆಗೆ ಕಟ್ಟಿದರು. ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದರು.

"ಎಲ್ಲಾ ಸಿಕ್ತೇನೋ ರಂಗ?"

"ಸಿಕ್ತಪ್ಪ."

"ಎಡಗೈದೂ?"

ಮನೆಯಲ್ಲಿ ಯಾರೂ ಎಡಗೈ ಮಾತು ಎತ್ತಿರಲಿಲ್ಲ. ಪಾರ್ಥಸಾರಥಿ ಕಾಲು ತೊಳೆಯುವುದನ್ನು ನಿಲ್ಲಿಸಿ ಅಣ್ಣನ ಮುಖ ನೋಡಿದ.

"ಅದೂ."

ಅಪ್ಪ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಬಲಗೈಯನ್ನು ಅಂಗವಸ್ತ್ರದೊಳಗೆ ಎಳೆದುಕೊಂಡರು.

ಕಸ್ತೂರಿರಂಗ ಹಿತ್ತಲಿಗೆ ಹೋಗಿ, ಚೊಂಬು ಹುಡುಕಿ, ತಲೆಗೆ ತಾನೇ ನೀರು ಹೊಯ್ದುಕೊಂಡ. ಕೊಟ್ಟ ಮಾತು ಉಳಿಸಿಕೊಂಡಿದ್ದ.