ಸೂಜಿ ಎತ್ತುವ ಕೆಲಸ

ನನ್ನ ಅಕ್ಕ ಶಾರದಾ ರಂಗೋಲಿ ಹಾಕುವುದನ್ನು ನಿಲ್ಲಿಸಿ ವರ್ಷಗಳೇ ಆಗಿದ್ದವು. ನಿಲ್ಲಿಸಿದರೆ ನಿಲ್ಲಿಸಲಿ, ಅದಕ್ಕೇನಂತೆ ಎನ್ನುವವರು ಅವಳ ಕೈ ನೋಡಿದವರಲ್ಲ. ವಿಜಯವಾಡದ ಸಿಂಗ್ ನಗರದಲ್ಲಿ ಅವಳ ಮನೆ ಮುಂದೆ ಬಂದರೆ ಹಾಲಿನವನು ಸೈಕಲ್ ಇಳಿದು, ರಂಗೋಲಿ ತುಳಿಯದ ಹಾಗೆ ಪಕ್ಕದಲ್ಲಿ ತಳ್ಳಿಕೊಂಡು ಹೋಗುತ್ತಿದ್ದ.

ಭಾವ ಸತ್ಯಮೂರ್ತಿಗೆ ರೆಕಾರ್ಡಿನ ಹುಚ್ಚು. ವೀಣೆ, ನಾಗಸ್ವರ, ಹರಿಕಥೆ, ನಾಟಕದ ಹಾಡು. ಕನ್ನಡ, ತೆಲುಗು ಎಂಬ ಭೇದವಿಲ್ಲ. ಬೆಳಿಗ್ಗೆ ಅವರು ಒಳಗೆ ಒಂದು ರೆಕಾರ್ಡ್ ಹಾಕಬೇಕು, ಇವಳು ಹೊರಗೆ ಚುಕ್ಕಿ ಇಡಬೇಕು. ಹಾಡು ಹೇಗೋ ಎಳೆ ಹಾಗೆ. ವೀಣೆಯ ದಿನ ಉದ್ದುದ್ದದ ಬಳ್ಳಿ, ನಾಗಸ್ವರದ ದಿನ ಬೀದಿ ತುಂಬುವ ಮಂಡಲ. ಒಂದು ದಿನ ಹಾಕಿದ್ದನ್ನು ಇನ್ನೊಂದು ದಿನ ಹಾಕಿದವಳಲ್ಲ. ಭಾವ ಹೋದ ಮೇಲೆ ರೆಕಾರ್ಡುಗಳು ಮಂಚದ ಕೆಳಗಿನ ಟ್ರಂಕು ಸೇರಿದವು, ರಂಗೋಲಿ ಡಬ್ಬಿ ಮೂಲೆ ಸೇರಿತು. ಗಂಡ ಹೋದವಳು ಹೊಸಲಿಗೆ ರಂಗೋಲಿ ಇಡಬಾರದು ಅಂತ ಯಾರೋ ಅಂದಿರಬೇಕು ಎಂದುಕೊಂಡಿದ್ದೆ. ಆ ಯಾರೋ ಕೈಗೆ ಸಿಕ್ಕರೆ ಜಾಡಿಸಲು ಕಾಯುತ್ತಲೂ ಇದ್ದೆ.

ಆಮೇಲೆ ಬುಡಮೇರು ಹಳ್ಳ ಉಕ್ಕಿ ಸಿಂಗ್ ನಗರಕ್ಕೆ ನೀರು ನುಗ್ಗಿತು. ಟ್ರಂಕು ಕೆಸರಿನಲ್ಲಿ ಮುಳುಗಿತು. ನೀರು ಇಳಿದ ಮೇಲೆ ಅಕ್ಕ ಅಷ್ಟು ದಿನ ಮುಟ್ಟದಿದ್ದ ರೆಕಾರ್ಡುಗಳನ್ನು ತೆಗೆದಳು, ಒಂದೊಂದನ್ನೂ ಸೋಪಿನಲ್ಲಿ ತೊಳೆದಳು, ಟೆರೇಸಿನ ಮೇಲೆ ಸೀರೆ ಹಾಸಿ ಸಾಲಾಗಿ ಬಿಸಿಲಿಗೆ ಇಟ್ಟಳು. ನಮ್ಮ ಕಡೆ ಹೆಂಗಸರಿಗೆ ಒದ್ದೆಯಾದದ್ದೆಲ್ಲ ಬಿಸಿಲಿಗೇ ಹೋಗಬೇಕು. ವಿಜಯವಾಡದ ಬಿಸಿಲು ಬಿಟ್ಟೀತೇ? ಸಂಜೆಗೆ ಫೋನ್ ಬಂತು.

"ರಾಜೀ, ಅವರ ಪ್ಲೇಟೆಲ್ಲಾ ಹಪ್ಪಳದ ಥರ ಮುದುರ್ಕೊಂಡ್ವು ಕಣೆ. ನಾನೇ ಕೈಯಾರೆ ಹಾಳ್ಮಾಡ್ದೆ."

ಭಾವ ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ.

ನಾನೂ ನನ್ನ ಯಜಮಾನರು ಉಮಾಶಂಕರರೂ ಹೋಗಿ ಅಕ್ಕನನ್ನು, ಟ್ರಂಕನ್ನು, ಅಟ್ಟದ ಮೇಲಿದ್ದು ಬಚಾವಾದ ರೆಕಾರ್ಡ್ ಪ್ಲೇಯರನ್ನು ವಿಶಾಖಪಟ್ಟಣಕ್ಕೆ ಕರೆತಂದೆವು. ಯಜಮಾನರು ನೇವಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು; ರಿಟೈರಾದ ಮೇಲೆ ಎಂವಿಪಿ ಕಾಲೋನಿಯ ಫ್ಲ್ಯಾಟಿನಲ್ಲೇ ಉಳಿದೆವು. ಅಕ್ಕ ಬಂದವಳೇ ರೂಮು ಸೇರಿದಳು. ಒಂದು ಹೊತ್ತು ಉಂಡರೆ ಒಂದು ಹೊತ್ತಿಲ್ಲ. ರವಿಕೆ ಸಡಿಲವಾಗುತ್ತಾ ಬಂತು.

"ಆ ಟ್ರಂಕನ್ನ ಗುಜರಿಗೆ ಹಾಕ್ಬಿಡೆ" ಎಂದಳು.

"ಹಾಕ್ತೀನಿ, ಮೊದ್ಲು ಎದ್ದು ಊಟ ಮಾಡು" ಎಂದೆ. ಎರಡೂ ಆಗಲಿಲ್ಲ.

ಹೀಗೇ ಬಿಟ್ಟರೆ ಅಕ್ಕ ನನಗೆ ದಕ್ಕುವುದಿಲ್ಲ ಎಂದು ಭಯವಾಯಿತು. ಕೈ ಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಅವಳು ಹಾಕದಿದ್ದರೆ ನಾನು ಹಾಕುತ್ತೇನೆ, ನನ್ನ ಸೊಟ್ಟ ಕೈ ನೋಡಲಾರದೆ ಎದ್ದು ಬಂದಾಳು ಎಂದುಕೊಂಡೆ. ರೆಕಾರ್ಡುಗಳನ್ನು ಎರಡು ಗಾಜಿನ ಮಧ್ಯೆ ಇಟ್ಟು ಮೇಲೆ ರುಬ್ಬುಗುಂಡು ಹೇರಿದೆ. ಕೆಲವು ಅಷ್ಟಿಷ್ಟು ಚಪ್ಪಟೆಯಾದವು. ಸೂಜಿ ಹಾರದಿರಲೆಂದು ಯಜಮಾನರು ಅದರ ತಲೆಗೆ ನಾಣ್ಯ ಅಂಟಿಸಿಕೊಟ್ಟರು. ದಿನಾ ಬೆಳಿಗ್ಗೆ ಒಂದು ರೆಕಾರ್ಡ್ ಹಾಕಿ, ಬಾಗಿಲಾಚೆ ಕೂತು ಎಳೆ ಎಳೆಯತೊಡಗಿದೆ. ಆದರೂ ಹಾಡು ಅಲ್ಲಲ್ಲಿ ಹಾರುತ್ತಿತ್ತು. ಹಾರಿದಲ್ಲಿ ನಾನೂ ಎಳೆ ಬಿಟ್ಟು ಮುಂದೆ ಹೋಗುತ್ತಿದ್ದೆ.

"ರಾಜಮ್ಮಗಾರೂ, ಇದು ನವಿಲಾ, ಕೋಳಿಯಾ?" ಎಂದು ಎದುರು ಫ್ಲ್ಯಾಟಿನ ಲಕ್ಷ್ಮೀಕಾಂತಮ್ಮ ತೆಲುಗಿನಲ್ಲಿ ಕೇಳಿದರು.

"ಕಮಲಮಂಡೀ, ಕಮಲ!" ಎಂದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು.

ಅಕ್ಕ ರೂಮಿನ ಬಾಗಿಲು ಸ್ವಲ್ಪ ತೆರೆದು ನೋಡುತ್ತಿದ್ದಳು, ಅದು ನನಗೆ ಗೊತ್ತು. ಆದರೆ ಪ್ರತಿದಿನ ಹಾಡು ಮುಗಿದ ಮೇಲೆ ಆ ಬಾಗಿಲು ದಢಾರನೆ ಮುಚ್ಚುತ್ತಿತ್ತು. ಹಾಡು ಕೇಳಿ ಸಂಕಟವಾಗುತ್ತದೆ ಎಂದುಕೊಂಡೆ. ಆದರೂ ಬಿಡಲಿಲ್ಲ, ನನ್ನ ಹಟ ನನಗೆ.

ಒಂದು ಬೆಳಿಗ್ಗೆ ಹರಿಕಥೆಯ ರೆಕಾರ್ಡ್ ಮುಗಿಯಿತು. ನನ್ನ ಕೈ ತುಂಬ ಪುಡಿ, ಎಳೆ ಅರ್ಧ. ಎದ್ದು ಹೋಗುವುದು ಯಾರು ಎಂದು ಕೂತೇ ಇದ್ದೆ. ಒಳಗೆ ಸೂಜಿ ಖಾಲಿ ಗೆರೆಯಲ್ಲಿ ಕರ್ ಕರ್ ಎಂದು ಸುತ್ತುತ್ತಿತ್ತು.

"ಎತ್ತೇ ಅದನ್ನ! ಎತ್ತೇ!"

ಅಕ್ಕ ಕೂದಲು ಬಿಚ್ಚಿಕೊಂಡೇ ಓಡಿ ಬಂದು ತಾನೇ ಸೂಜಿ ಎತ್ತಿ, ಅಲ್ಲೇ ನೆಲದ ಮೇಲೆ ಕುಸಿದಳು. ನಾನು ಪುಡಿಗೈಯಲ್ಲೇ ಓಡಿ ಹೋಗಿ ಹಿಡಿದುಕೊಂಡೆ.

"ಅವತ್ತೂ ಹಿಂಗೇ ಸುತ್ತುತಿತ್ತು" ಎಂದಳು. "ರೀ, ಕಿವಿ ಕೇಳಲ್ವಾ, ಎತ್ತಬಾರ್ದಾ ಅಂತ ಹೊರಗಿಂದ್ಲೇ ಕೂಗ್ದೆ. ಎತ್ಲಿಲ್ಲ. ಎಳೆ ಅರ್ಧ ಇತ್ತಲ್ಲ, ಮುಗಿಸ್ಕೊಂಡೇ ಹೋಗೋಣ ಅಂತ ಕೂತೆ ಕಣೆ. ಮುಗಿಸ್ದೆ. ಬಣ್ಣಾನೂ ತುಂಬ್ದೆ. ಒಳಗೆ ಹೋದ್ರೆ... ಕುರ್ಚೀಲೇ ಇದ್ರು. ಕೈ ಪ್ಲೇಯರ್ ಕಡೆ ಚಾಚಿತ್ತು."

ರಂಗೋಲಿ ಇಡಬೇಡ ಅಂತ ಯಾರೂ ಅಂದಿರಲಿಲ್ಲ ಹಾಗಾದರೆ. ಇಷ್ಟು ವರ್ಷ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಳು. ಅವಳನ್ನು ತಬ್ಬಿಕೊಂಡು ಅತ್ತೆ.

ಆಮೇಲೆ ಕಣ್ಣೊರೆಸಿಕೊಂಡು ಹೇಳಿದೆ. "ಅಕ್ಕಾ, ನಾಳೆಯಿಂದ ನಾನು ಇಲ್ಲಿ ಪ್ಲೇಯರ್ ಹತ್ರ ಕೂತ್ಕೋತೀನಿ. ನೀನು ಹೊರಗೆ ಕೂತ್ಕೋ. ಮುಗಿದ ತಕ್ಷಣ ನಾನು ಎತ್ತಲಿಲ್ಲ ಅಂದ್ರೆ ಕೇಳು."

ಮಾರನೆಯ ಬೆಳಿಗ್ಗೆ ನಾನು ಏಳುವ ಮೊದಲೇ ಬಚ್ಚಲಲ್ಲಿ ನೀರಿನ ಸದ್ದಾಯಿತು. ನಾನು ವೀಣೆಯ ರೆಕಾರ್ಡ್ ಹಾಕಿದೆ. ಅಕ್ಕ ಹೊಸಲಾಚೆ ಕೂತು ಚುಕ್ಕಿ ಇಟ್ಟಳು. ಮೊದಮೊದಲು ಕೈ ತಡವರಿಸಿತು, ಆಮೇಲೆ ಬಳ್ಳಿ ಹರಿಯಿತು. ಹಾಡು ಹಾರಿದಲ್ಲಿ ಬೆರಳು ತಡೆದು, ಬೆರಳಗಲ ಜಾಗ ಬಿಟ್ಟು ಮುಂದುವರಿಸಿದಳು.

"ಶಾರದಮ್ಮಗಾರೂ, ಎಷ್ಟು ಚೆನ್ನಾಗಿದೆ! ಆದ್ರೆ ಅಲ್ಲಿ ಎಳೆ ತುಂಡಾಗಿದೆ, ಸೇರಿಸಿಬಿಡಿ" ಎಂದರು ಲಕ್ಷ್ಮೀಕಾಂತಮ್ಮ.

"ಇರ್ಲಿ ಬಿಡಿ. ಅಲ್ಲಿ ಹಾಡಿಲ್ಲ" ಎಂದಳು ಅಕ್ಕ.

ಈಗ ದಿನವೂ ಹೀಗೆಯೇ. ಹಾಡು ಕೊನೆಗೆ ಬಂತೆಂದರೆ ಹೊರಗೆ ಅವಳ ಕೈ ನಿಂತುಬಿಡುತ್ತದೆ, ಎಳೆ ಅರ್ಧವಿದ್ದರೂ ಸರಿ. ನಾನು ಸೂಜಿ ಎತ್ತಿ, "ಎತ್ತಿದೆ ಅಕ್ಕಾ, ಇಲ್ಲೇ ಇದೀನಿ" ಎಂದು ಕೂಗುತ್ತೇನೆ. ಆಮೇಲೆಯೇ ಅವಳು ಎಳೆ ಮುಗಿಸುವುದು. ಅಲ್ಲಿಯವರೆಗೆ ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ನಾನು ಏಳುವುದಿಲ್ಲ.