ನೋವು ಕಡಿಮೆ ಇದ್ದ ದಿನ

ನಮ್ಮದು ಇಸ್ತ್ರಿ ಅಂಗಡಿ. ಮುಂದುಗಡೆ ಎರಡು ಮೇಜು, ಹಿಂದುಗಡೆ ವಾಸದ ಕೋಣೆ, ಅಡುಗೆಮನೆ. ಒಂದು ಮೇಜು ನನ್ನದು, ಇನ್ನೊಂದು ನನ್ನ ಹೆಂಡತಿಯದು. ಮದುವೆಯಾದ ಹೊಸದರಲ್ಲಿ ನಾನು ಒಂದು ಷರ್ಟು ಮುಗಿಸುವಷ್ಟರಲ್ಲಿ ಅವಳದು ಎರಡು ಮುಗಿದಿರುತ್ತಿತ್ತು. "ಏನ್ರೀ, ಷರ್ಟಿಗೆ ಜೋಗುಳ ಹಾಡ್ತಿದ್ದೀರಾ?" ಎಂದು ರೇಗಿಸುತ್ತಿದ್ದಳು.

ಅಂಥವಳಿಗೆ ಮೂರು ವರ್ಷದ ಹಿಂದೆ ನೋವು ಶುರುವಾಯಿತು. ಮೊದಲು ಭುಜ, ಆಮೇಲೆ ಸೊಂಟ, ಆಮೇಲೆ ಇಲ್ಲಿ ಅಲ್ಲಿ ಎಂದಿಲ್ಲ, ಇಡೀ ಮೈ. ಕೆಲವು ದಿನ ಬೆಳಿಗ್ಗೆ ಬಾಚಣಿಗೆ ಹಿಡಿಯುವುದಕ್ಕೂ ಆಗುತ್ತಿರಲಿಲ್ಲ. ರಾತ್ರಿ ಎಷ್ಟು ಮಲಗಿದರೂ ನಿದ್ದೆ ಮಾಡಿದ ಹಾಗೇ ಇಲ್ಲ ಎನ್ನುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದೆ, ಎಕ್ಸ್‌ರೇ ತೆಗೆಸಿದೆ. ಎಲ್ಲದರಲ್ಲೂ ಒಂದೇ ಮಾತು, ಏನೂ ತೊಂದರೆ ಇಲ್ಲ. ಆ ರಿಪೋರ್ಟು ಕೈಗೆ ಬಂದಿದ್ದೇ ತಡ, ನನ್ನ ಬುದ್ಧಿ ಕೆಟ್ಟಿತು. ಏನೂ ಇಲ್ಲವೆಂದ ಮೇಲೆ ಇವಳಿಗೆ ನೋವು ಎಲ್ಲಿಂದ ಬರಬೇಕು?

ನೋವು ದಿನಾ ಒಂದೇ ಸಮ ಇರುತ್ತಿರಲಿಲ್ಲ. ಎಂಟು ಹತ್ತು ದಿನಕ್ಕೊಮ್ಮೆ ಸ್ವಲ್ಪ ತಗ್ಗುತ್ತಿತ್ತು. ಆ ದಿನ ಅವಳು ಸೆರಗು ಬಿಗಿದು ನಿಂತರೆ ಮುಗಿಯಿತು. ಇಸ್ತ್ರಿಗೆ ಬಂದಿದ್ದ ಲಾಡ್ಜಿನ ಹಾಸಿಗೆ ಬಟ್ಟೆಯ ಗಂಟೆಲ್ಲ ಖಾಲಿ, ನೆಲವೆಲ್ಲ ಸಾರಣೆ, ಅಡುಗೆಮನೆ ಡಬ್ಬಿಗಳೆಲ್ಲ ತೊಳೆದು ಬೋರಲು. ಮಾರನೆಯ ದಿನದಿಂದ ಮೂರು ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ.

"ನಿನ್ನೆ ಅಷ್ಟೊಂದು ಓಡಾಡಿದೆಯಲ್ಲಮ್ಮ, ಇವತ್ತೇನು ಬಂತು ದೊಡ್ಡರೋಗ?" ಎನ್ನುತ್ತಿದ್ದಳು ನನ್ನ ಅಮ್ಮ.

ನಾನು ಅಮ್ಮನಿಗಿಂತ ಒಂದು ಕೈ ಮೇಲೆ. "ಬಿಡಮ್ಮ, ಕೆಲಸ ನೋಡಿದ್ರೆ ಅವಳಿಗೆ ಮೈ ನೋಯುತ್ತೆ" ಎಂದು ಗಿರಾಕಿಗಳ ಮುಂದೆಯೇ ನಗುತ್ತಿದ್ದೆ. ಅವಳು ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಎಲ್ಲ ಕೇಳಿಸುತ್ತಿತ್ತು ಅವಳಿಗೆ.

ನಮ್ಮ ಗಿರಾಕಿಗಳಲ್ಲಿ ಒಬ್ಬಳು ನರ್ಸು, ದೊಡ್ಡಾಸ್ಪತ್ರೆಯಲ್ಲಿ ಕೆಲಸ. ವಾರಕ್ಕೊಮ್ಮೆ ಬಿಳಿ ಕೋಟುಗಳನ್ನು ತರುತ್ತಾಳೆ. ಒಂದು ದಿನ ಬಂದವಳು ಇಸ್ತ್ರಿ ಮಾಡುತ್ತಿದ್ದ ನನ್ನ ಹೆಂಡತಿಯನ್ನೇ ನೋಡುತ್ತ ನಿಂತಳು.

"ಏನಕ್ಕಾ, ಎಷ್ಟು ಹೊತ್ತಿಂದ ನಿಂತಿದೀಯ?"

"ಬೆಳಿಗ್ಗೆಯಿಂದ. ಇವತ್ತು ಪರವಾಗಿಲ್ಲ ಕಣಮ್ಮ. ಆಗೋವಾಗ್ಲೇ ಎಲ್ಲಾ ಮುಗಿಸಿಬಿಡಬೇಕು."

"ಅಲ್ಲೇ ನೀನು ಎಡವೋದು. ನೋವು ಕಡಿಮೆ ಇರೋ ದಿನ ನಾಲ್ಕು ದಿನದ ಕೆಲಸ ಮಾಡ್ತೀಯ, ಆಮೇಲೆ ಮೂರು ದಿನ ಬೀಳ್ತೀಯ. ಚೆನ್ನಾಗಿರೋ ದಿನಾನೂ ಅಳತೆ ಇಟ್ಕೊಂಡೇ ಮಾಡ್ಬೇಕು. ಅಣ್ಣಾ, ನಮ್ಮಲ್ಲಿ ನೋವಿಗೇ ಅಂತ ಡಾಕ್ಟ್ರಿದಾರೆ. ಒಂದ್ಸಲ ಕರ್ಕೊಂಡು ಬನ್ನಿ."

ನನಗೆ ನಗು ಬಂತು. "ಚೆನ್ನಾಗಿ ಹೇಳಿದ್ರಿ ಸಿಸ್ಟರ್! ನೋವಿದ್ರೂ ಕೂತ್ಕೋಬೇಕು, ನೋವಿಲ್ದಿದ್ರೂ ಕೂತ್ಕೋಬೇಕು. ಹಂಗಾದ್ರೆ ಈ ಗಂಟೆಲ್ಲಾ ಯಾರು, ನಿಮ್ಮ ಡಾಕ್ಟ್ರು ಬಂದು ಇಸ್ತ್ರಿ ಮಾಡ್ತಾರಾ?"

ನರ್ಸು ನಗಲಿಲ್ಲ. ನಾನು ಕರೆದುಕೊಂಡೂ ಹೋಗಲಿಲ್ಲ.

ಆಮೇಲೆ ಒಂದು ವಿಚಿತ್ರ ನಡೆಯಿತು. ನನ್ನ ಹೆಂಡತಿ ದಿನಾ ಏಳತೊಡಗಿದಳು. ಒಂದು ವಾರ, ಎರಡು ವಾರ, ಎರಡು ತಿಂಗಳು. ಮಲಗಲೇ ಇಲ್ಲ. ಮುಖ ಬಿಳಿಚಿಕೊಂಡಿತ್ತು, ಊಟ ಸರಿಯಾಗಿ ಮಾಡುತ್ತಿರಲಿಲ್ಲ, ಆದರೆ ಮೇಜಿನ ಮುಂದೆ ನಿಂತಿರುತ್ತಿದ್ದಳು. "ನೋಡಿದ್ಯಾಮ್ಮ, ನಾಲ್ಕು ಮಾತು ಬೈದಿದ್ದೇ ಔಷಧಿ ಆಯ್ತು" ಎಂದು ಮೀಸೆ ತಿರುವಿದೆ. ನನ್ನಂಥ ಮೂರ್ಖ ಇನ್ನೊಬ್ಬನಿದ್ದಾನೋ ಇಲ್ಲವೋ ಗೊತ್ತಿಲ್ಲ.

ಒಂದು ಬೆಳಿಗ್ಗೆ ಲಾಡ್ಜಿನ ಬಟ್ಟೆ ಉಜ್ಜುತ್ತಿದ್ದವಳು "ರೀ, ಒಂದ್ಲೋಟ ನೀರು" ಎಂದಳು. ನಾನು ತಿರುಗಿ ನೋಡುವಷ್ಟರಲ್ಲಿ ನೆಲದ ಮೇಲಿದ್ದಳು. ಬಿಸಿ ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆಯೇ ಉಳಿದು ಹೊಗೆ ಏಳುತ್ತಿತ್ತು. ಅವಳು ವಾಂತಿ ಮಾಡಿಕೊಂಡಳು. ಕಪ್ಪಗಿತ್ತು, ಅದರಲ್ಲಿ ರಕ್ತವೂ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಯಾವ ಮಾತ್ರೆ ತಗೋತಾರೆ?"

"ಯಾವುದೂ ಇಲ್ಲ ಸಾರ್."

"ಮನೇಲಿ ಸರಿಯಾಗಿ ಹುಡುಕಿ."

ಅಮ್ಮ ಹೋಗಿ ಹುಡುಕಿದಳು. ಬಟ್ಟೆಗೆ ಹಾಕುವ ಗಂಜಿಪುಡಿಯ ಹಳೇ ಡಬ್ಬಿಯನ್ನು ಎದೆಗವಚಿಕೊಂಡು ಬಂದಳು. ಒಳಗೆಲ್ಲ ನೋವಿನ ಮಾತ್ರೆಯ ಖಾಲಿ ಹಾಳೆಗಳು. ಒಂದೇ ಅಂಗಡಿಯಲ್ಲಿ ಕೊಂಡರೆ ಕೇಳುತ್ತಾರೆಂದು ಬೇರೆ ಬೇರೆ ಅಂಗಡಿಗಳಿಂದ ತಂದಿದ್ದಳೆಂದು ಆಮೇಲೆ ಗೊತ್ತಾಯಿತು. ದಿನಕ್ಕೆ ಐದು, ಆರು, ಅದೂ ಬರಿಹೊಟ್ಟೆಯಲ್ಲಿ. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಕಿಡ್ನಿಗೂ ಏಟು ಬಿದ್ದಿತ್ತು. "ಉಳೀತಾರೆ ಅಂತ ಈಗ್ಲೇ ಹೇಳೋಕಾಗಲ್ಲ" ಎಂದರು ಡಾಕ್ಟರು.

ಮೂರನೆಯ ದಿನ ಅವಳಿಗೆ ಮಾತು ಬಂತು.

"ಇಷ್ಟೊಂದು ನೋವಿದ್ರೆ ನನಗೊಂದು ಮಾತು ಹೇಳಬಾರದಿತ್ತಾ?" ಎಂದೆ.

ಅವಳು ನನ್ನನ್ನೇ ನೋಡಿದಳು. "ಮೂರು ವರ್ಷದಿಂದ ಇನ್ನೇನು ಹೇಳ್ತಿದ್ದೆ ನಾನು?"

ನಾನು ಎದ್ದು ಆ ನರ್ಸನ್ನು ಹುಡುಕಿಕೊಂಡು ಹೋದೆ.

ನರ್ಸು ನಮ್ಮನ್ನು ನೋವಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಅಮ್ಮನನ್ನೂ ನನ್ನನ್ನೂ ಕೂರಿಸಿ ಹೇಳಿದರು. ಇದಕ್ಕೆ ಫೈಬ್ರೊಮಯಾಲ್ಜಿಯಾ ಎಂದು ಹೆಸರು. ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಆದರೆ ನೋವು ನಿಜ. ಪೂರ್ತಿ ಹೋಗುತ್ತದೆಂದು ಭರವಸೆ ಕೊಡಲಾರೆವು, ಹತೋಟಿಯಲ್ಲಿ ಇಡಬಹುದು. ಆ ಮಾತ್ರೆಗಳನ್ನು ಇನ್ನು ಮುಟ್ಟುವಂತಿಲ್ಲ. ಬೇರೆ ಮಾತ್ರೆಯಾದರೂ ಡಾಕ್ಟರನ್ನು ಕೇಳದೆ ನುಂಗುವಂತಿಲ್ಲ.

ಮನೆಗೆ ಬಂದ ಮೇಲೆ ನರ್ಸು ಹೇಳಿದ ಹಾಗೆ ನಡೆದೆವು. ಲಾಡ್ಜಿನ ಕೆಲಸ ಬಿಟ್ಟೆವು. ಅವಳ ಮೇಜಿಗೆ ಎತ್ತರದ ಕುರ್ಚಿ ಬಂತು. ಇಪ್ಪತ್ತು ನಿಮಿಷಕ್ಕೊಮ್ಮೆ ಅಲಾರಂ ಗಡಿಯಾರ ಬಡಿಯುತ್ತದೆ, ಅವಳು ಪೆಟ್ಟಿಗೆ ಇಟ್ಟು ಕೈಕಾಲು ಸಡಿಲ ಬಿಡುತ್ತಾಳೆ. ಸಂಜೆ ಇಬ್ಬರೂ ಬೀದಿಯ ತುದಿಯವರೆಗೆ ನಿಧಾನವಾಗಿ ನಡೆದು ಬರುತ್ತೇವೆ, ನೋವು ಜಾಸ್ತಿ ಇದ್ದ ದಿನ ಮುಂಬಾಗಿಲಿನಿಂದ ಹಿಂಬಾಗಿಲಿಗಾದರೂ. ಮಲಗುವ ಹೊತ್ತು, ಏಳುವ ಹೊತ್ತು ದಿನಾ ಒಂದೇ.

ಕಷ್ಟವಾಗಿದ್ದು ಚೆನ್ನಾಗಿದ್ದ ದಿನವೇ. ಗಡಿಯಾರ ಬಡಿದರೂ ಅವಳು ಪೆಟ್ಟಿಗೆ ಬಿಡಲಿಲ್ಲ. "ಇವತ್ತು ಆಗ್ತಿದೆ ಅತ್ತೆ, ಇನ್ನೊಂದು ಹತ್ತು ಷರ್ಟು."

ಅಮ್ಮ ಎದ್ದು ಹೋಗಿ ಸ್ವಿಚ್ಚು ಆರಿಸಿದಳು. "ಸಾಕು, ಕೈ ಇಳಿಸು."

"ನಾಳೆ ಮಲಗಿದ್ರೆ ಸೋಮಾರಿ ಅಂತೀರಲ್ಲ!" ಎಂದು ಹೆಂಡತಿ ಜೋರಾಗಿ ಅತ್ತಳು.

"ಅಂದಿದ್ದೆ ಕಣೇ. ನಾನೇ ಅಂದಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳ. ಇನ್ನು ಅನ್ನಲ್ಲ" ಎಂದಳು ಅಮ್ಮ. ಅವಳೂ ಅಳುತ್ತಿದ್ದಳು.

ಮಾರನೆಯ ದಿನ ಹೆಂಡತಿ ಎದ್ದಳು. ನೋವಿತ್ತು, ಆದರೂ ಎದ್ದು ತನ್ನ ತಲೆ ತಾನೇ ಬಾಚಿಕೊಂಡಳು. ಗೆದ್ದೆವು ಎಂದು ಹೇಳಲಾರೆ. ಈಗಲೂ ಕೆಟ್ಟ ದಿನಗಳು ಬರುತ್ತವೆ, ಮೂರು ತಿಂಗಳಿಗೊಮ್ಮೆ ಕಿಡ್ನಿ ಪರೀಕ್ಷೆ ಇದೆ. ಪ್ರತಿ ಸಲ ರಿಪೋರ್ಟು ಬರುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ಇದನ್ನು ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಅತ್ತೆಯಂದಿರೇ, ನಿಮ್ಮ ಮನೆಯಲ್ಲೂ ತಿಂಗಳುಗಟ್ಟಲೆ ನೋವು ನೋವು ಎನ್ನುವವರು ಇರಬಹುದು. ರಿಪೋರ್ಟು ಹಿಡಿದುಕೊಂಡು ತೀರ್ಪು ಕೊಡಬೇಡಿ. ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಒಬ್ಬರೇ ಹೋಗಿ ಬನ್ನಿ ಎನ್ನಬೇಡಿ. ಚೆನ್ನಾಗಿರುವ ದಿನ ಅವರ ಕೈಯಿಂದ ಅರ್ಧ ಕೆಲಸ ನೀವು ತೆಗೆದುಕೊಳ್ಳಿ. ಇವತ್ತೇ ಪಕ್ಕದಲ್ಲಿ ಕುಳಿತು, ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಿದ್ದೀಯ ಎಂದು ಕೇಳಿ. ಬೈಯದೆ ಕೇಳಿ. ಬೈಯುವವರ ಹತ್ತಿರ ಯಾರೂ ನಿಜ ಹೇಳುವುದಿಲ್ಲ. ನನ್ನ ಹೆಂಡತಿ ನನಗೆ ಹೇಳಲಿಲ್ಲ.